ವಾದದಿಂದ ಸಂವಾದಕ್ಕೆ: ಕಲಬುರಗಿಯ ಸ್ಮರಣೆಯ ದಾರಿ

'ತುರುಷ್ಕ' ಎಂಬ ಪದ ನಮ್ಮ ನಾಡಿನ ಶಾಸನಗಳಲ್ಲಿ ಹಲವು ಶತಮಾನಗಳ ಹಿಂದೆಯೇ ಕಾಣಿಸಿಕೊಂಡಿದೆ. ಶಾಸನಕವಿಗಳು ಅದನ್ನು ಬಳಸಿದ್ದು ಬಹುಮಟ್ಟಿಗೆ ಒಂದು ಜನಾಂಗವನ್ನೂ ಅದರ ಅರಸರನ್ನೂ ಸೂಚಿಸಲು. ಗೌಳ, ಮಾಳವ, ಚೋಳ ಎಂದ ಹಾಗೆಯೇ ತುರುಷ್ಕ ಎಂದೂ ಹೇಳಿದರು. ಕಾಲಕ್ರಮದಲ್ಲಿ ಆ ಪದ ಸವೆದು, ಒಂದು ಮತದವರೆಲ್ಲರಿಗೂ ಅನ್ವಯಿಸತೊಡಗಿ, ಕೊನೆಗೆ ಜಗಳಗಂಟರ ಬಾಯಲ್ಲಿ ಬೈಗುಳವಾಯಿತು. ಒಂದು ಪದ ಹೀಗೆ ಕೆಳಗಿಳಿದ ದಾರಿಯನ್ನು ನೋಡಿದರೆ ಜನರ ಮನಸ್ಸು ಇಳಿದ ದಾರಿಯೂ ತಿಳಿಯುತ್ತದೆ. ಆದರೆ ಅದೇ ಕಾಲದಲ್ಲಿ ಮೇಲಕ್ಕೆ ಹತ್ತಿದ ಇನ್ನೊಂದು ದಾರಿಯೂ ನಮ್ಮ ಕಲಬುರಗಿ ಸೀಮೆಯಲ್ಲಿ ಉಂಟು. ಅದು ಸ್ಮರಣೆಯ ದಾರಿ. ಈ ಲೇಖನದ ಉದ್ದೇಶ ಆ ದಾರಿಯನ್ನು ಓದುಗ ಬಾಂಧವರ ಮುಂದಿಡುವುದು.

ಇಂದು ಜರ್ಮನಿ ಮುಂತಾದ ದೇಶಗಳಲ್ಲಿ ನೆಲಸಿದ ತುರ್ಕಿ ಜನರು ತಮ್ಮ ಸಮುದಾಯ ಕೇಂದ್ರಗಳನ್ನು ಕಟ್ಟಿಕೊಂಡು, ಅಲ್ಲಿಗೆ ಅನ್ಯಮತೀಯರನ್ನು ಕರೆದು, ಮಾತುಕತೆ ನಡೆಸಿ, ಅಗಲಿದವರನ್ನು ಒಟ್ಟಿಗೆ ಸ್ಮರಿಸುವ ಪದ್ಧತಿ ಬೆಳೆಸಿದ್ದಾರೆ. ಇದನ್ನು ಓದಿದವರಿಗೆ ಇದು ಹೊಸ ಕಾಲದ ಹೊಸ ಏರ್ಪಾಡೆಂದು ತೋರಬಹುದು. ಇಂಥ ಸ್ಥಳಗಳು ನಮ್ಮ ನೆರೆಯಲ್ಲಿಯೇ ಆರುನೂರು ವರ್ಷಗಳಿಂದ ಇವೆ. ಅವು ಹೇಗೆ ಆದವು, ಅವುಗಳಿಂದ ನಮ್ಮ ಬಸದಿಗಳ ವಿಶ್ವಸ್ಥ ಮಂಡಳಿಗಳು ಕಲಿಯಬೇಕಾದದ್ದೇನು ಎಂಬುದು ವಿಚಾರಾರ್ಹ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಿಂದಿನವರ ಮತೀಯ ಮಾತುಕತೆ ಬಹುತೇಕ ಸಂವಾದವಾಗಿರಲಿಲ್ಲ, ಅದು ವಾದವಾಗಿತ್ತು. ಹೊಂಬುಜದ ಪದ್ಮಾವತಿ ಬಸದಿಯ ಶಾಸನವು ಸಿಂಹಕೀರ್ತಿ ಮುನಿಗಳು ದೆಹಲಿಯ ಸುರಿತ್ರಾಣನ ಸಭೆಯಲ್ಲಿ ಪ್ರತಿವಾದಿಗಳನ್ನು ಗೆದ್ದು ಕೀರ್ತಿ ಪಡೆದರೆಂದು ಹೊಗಳುತ್ತದೆ. ಸುರಿತ್ರಾಣ ಎಂದರೆ ಸುಲ್ತಾನ. ಇವನು ತುರುಷ್ಕ ಮೂಲದ ಮಹಮ್ಮದ್ ಬಿನ್ ತುಘಲಕನೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅದೇ ತುಘಲಕನ ಆಸ್ಥಾನಕ್ಕೆ 1328ರ ಸುಮಾರಿನಲ್ಲಿ ಶ್ವೇತಾಂಬರ ಆಚಾರ್ಯ ಜಿನಪ್ರಭಸೂರಿಗಳು ಹೋದರು. ಸುಲ್ತಾನನು ಅವರನ್ನು ಗೌರವಿಸಿ, ಜೈನ ಸಂಘದ ರಕ್ಷಣೆಗೆ ಫರ್ಮಾನು ಕೊಟ್ಟನು. ಕೋಶಾಗಾರದಲ್ಲಿ ಬಿದ್ದಿದ್ದ ಮಹಾವೀರಸ್ವಾಮಿಯ ಒಂದು ಪ್ರತಿಮೆಯನ್ನು ಹಿಂದಿರುಗಿಸಿದನು. ಆಚಾರ್ಯರು ಕೆಲವು ಕಾಲ ದಖ್ಖನದ ದೌಲತಾಬಾದಿನಲ್ಲಿಯೂ ಇದ್ದರು. ಅವರ 'ವಿವಿಧತೀರ್ಥಕಲ್ಪ' ಈ ಕಾಲದ ಅಮೂಲ್ಯ ದಾಖಲೆ.

ಈ ಎರಡು ಪ್ರಸಂಗಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿರಿ. ಒಂದರಲ್ಲಿ ಗೆಲುವು, ಇನ್ನೊಂದರಲ್ಲಿ ಕಳೆದುಹೋದದ್ದರ ಮರಳಿಕೆ. ಗೆಲುವಿನ ಕೀರ್ತಿ ಕಲ್ಲಿನ ಮೇಲೆ ಉಳಿಯಿತು. ಮರಳಿದ ಪ್ರತಿಮೆಯ ಮುಂದೆ ಜನರು ಪೂಜೆ ಮಾಡಿದರು. ಯಾವುದು ಹೆಚ್ಚು ಫಲ ಕೊಟ್ಟಿತೆಂದು ಬೇರೆ ಹೇಳಬೇಕಾಗಿಲ್ಲ.

1347ರಲ್ಲಿ ಅದೇ ತುಘಲಕನ ವಿರುದ್ಧ ದಂಗೆಯೆದ್ದ ದಖ್ಖನದ ಸರದಾರರು ಅಲಾವುದ್ದೀನ್ ಹಸನ್ ಬಹಮನ್ ಷಾಹನನ್ನು ಸಿಂಹಾಸನದಲ್ಲಿ ಕೂರಿಸಿದರು. ಕಲಬುರಗಿ ಹೊಸ ರಾಜ್ಯದ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಇರಾನಿನ ಕಜ್ವೀನ್ ಊರಿನ ರಫಿ ಎಂಬವನು ಅದನ್ನು ಕಟ್ಟಿದನೆಂದು ಶಾಸನ ಹೇಳುತ್ತದೆ. ತೆರೆದ ಅಂಗಳವಿಲ್ಲದೆ ಇಡಿಯಾಗಿ ಮಾಳಿಗೆ ಹೊದಿಸಿದ ಮಸೀದಿಯಾದ್ದರಿಂದ ಅದು ಭಾರತದಲ್ಲಿಯೇ ಅಪರೂಪವೆನಿಸಿದೆ.

ಇದರ ಮರುವರ್ಷ, ಎಂದರೆ 1368ರಲ್ಲಿ, ಬಹಮನಿಗಳ ಪ್ರತಿಸ್ಪರ್ಧಿಯಾದ ವಿಜಯನಗರದಲ್ಲಿ ನಡೆದದ್ದನ್ನು ಜೈನ ಓದುಗರಿಗೆ ನೆನಪಿಸುವುದು ಅಗತ್ಯ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ಕಡೆಗಳ ಜೈನರು ಬುಕ್ಕರಾಯನಲ್ಲಿ ಬಿನ್ನವಿಸಿದರು. ರಾಯನು ಇಬ್ಬರನ್ನೂ ಎದುರಿಗೆ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಲ್ಲಿ ಭೇದ ಕಾಣಬಾರದೆಂದು ತೀರ್ಮಾನ ಕೊಟ್ಟನು. ಶ್ರವಣಬೆಳಗೊಳದ ಆ ಶಾಸನದ ವಿಶೇಷವಿರುವುದು ಸದ್ಭಾವನೆಯ ಮಾತಿನಲ್ಲಿ ಮಾತ್ರವಲ್ಲ, ಅದರ ಲೆಕ್ಕದಲ್ಲಿ. ಜೈನರು ಮನೆಗೆ ಒಂದು ಹಣದಂತೆ ಎತ್ತಬೇಕು. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಜನರನ್ನು ವೈಷ್ಣವರ ಕಡೆಯಿಂದ ನೇಮಿಸಬೇಕು. ಮಿಕ್ಕ ಹಣ ಜೀರ್ಣ ಜಿನಾಲಯಗಳ ದುರಸ್ತಿಗೆ ಸಲ್ಲಬೇಕು. ದೂರಿಗೆ ಒಳಗಾದವರ ಕೈಗೇ ಕಾವಲನ್ನು ಒಪ್ಪಿಸಿದ ಈ ಏರ್ಪಾಡಿನಲ್ಲಿ ದೊಡ್ಡ ವಿವೇಕವಿದೆ. ಕಾಯುವವನು ಕೆಡಿಸಲಾರ. ಮುಂದೆ ಕಲ್ಲೇಹದ ಬುಸುವಿಸೆಟ್ಟಿಯು ಈ ಕಟ್ಟಳೆಯನ್ನು ಪುನಃ ಊರ್ಜಿತಗೊಳಿಸಿದಾಗ ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಒಬ್ಬ ವರ್ತಕನಿಗೆ ಎರಡು ಮತದವರೂ ಸೇರಿ ಕೊಟ್ಟ ಪದವಿ ಅದು. ನಮ್ಮ ವ್ಯಾಪಾರಿ ಸಮಾಜ ಹೆಮ್ಮೆಪಡಬಹುದಾದ ದಾಖಲೆಗಳಲ್ಲಿ ಇದಕ್ಕಿಂತ ಮಿಗಿಲಾದುದು ವಿರಳ.

ಈಗ ಕಲಬುರಗಿಗೆ ಹಿಂದಿರುಗೋಣ. 1398ರಲ್ಲಿ ತೈಮೂರನ ದಾಳಿಯ ಭೀತಿಯಿಂದ ದೆಹಲಿಯನ್ನು ಬಿಟ್ಟ ಸೂಫಿ ಸಂತ ಸಯ್ಯದ್ ಮಹಮ್ಮದ್ ಹುಸೇನಿ ಗೇಸುದರಾಜರು 1400ರ ಸುಮಾರಿಗೆ, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಕಲಬುರಗಿಗೆ ಬಂದರು. ಜನರು ಅವರನ್ನು ಖ್ವಾಜಾ ಬಂದೇನವಾಜ್ ಎಂದು ಕರೆದರು. ಫಿರೋಜ್ ಷಾಹ್ ಬಹಮನಿ ಮೊದಲು ಆದರದಿಂದ ಬರಮಾಡಿಕೊಂಡನು. ಬಳಿಕ ಇಬ್ಬರಲ್ಲಿಯೂ ವಿರಸ ಬೆಳೆಯಿತು. ಕೋಟೆಯ ಸಮೀಪದಲ್ಲಿದ್ದ ಖಾನಕಾಹ್ ಅಲ್ಲಿಂದ ದೂರಕ್ಕೆ ಹೋಗಬೇಕಾಯಿತು. ಸಂತರು 1422ರಲ್ಲಿ ದೇಹಬಿಟ್ಟರು. ಫಿರೋಜನ ತಮ್ಮ ಅಹಮದ್ ಷಾಹನು ಅವರ ಗೋರಿಯ ಮೇಲೆ ಭವ್ಯ ಗುಮ್ಮಟವನ್ನು ಎತ್ತಿಸಿದನು.

ಬಂದೇನವಾಜರೂ ತಮ್ಮ ಕಾಲದವರೇ. ತಾವು ಸಂಸ್ಕೃತ ಗ್ರಂಥಗಳನ್ನು ತಿಳಿದು ಬ್ರಾಹ್ಮಣ ಪಂಡಿತರೊಡನೆ ವಾದ ಮಾಡಿದ್ದಾಗಿ ಅವರು ಹೇಳಿರುವುದು ಅವರ ಮಾತುಗಳ ಸಂಗ್ರಹದಲ್ಲಿ ದಾಖಲಾಗಿದೆ. ಪ್ರತಿವಾದಿಯನ್ನು ತಮ್ಮ ಮತಕ್ಕೆ ತರುವುದೇ ಆ ವಾದದ ಉದ್ದೇಶವಾಗಿತ್ತು. ಸಿಂಹಕೀರ್ತಿಗಳೂ ಗೆಲ್ಲಲು ಹೋದರು, ಖ್ವಾಜಾರೂ ಗೆಲ್ಲಲು ಕುಳಿತರು. ಇದನ್ನು ಮುಚ್ಚಿಟ್ಟು, ಹಿಂದಿನವರೆಲ್ಲ ಸರ್ವಧರ್ಮ ಸಮನ್ವಯವನ್ನೇ ಉಸಿರಾಡಿದರೆಂದು ಹೇಳುವುದು ಇತಿಹಾಸವಾಗುವುದಿಲ್ಲ.

ಹಾಗಿದ್ದರೂ ಇಂದು ಆ ದರ್ಗಾದ ಹೊಸ್ತಿಲಲ್ಲಿ ಎಲ್ಲ ಜಾತಿಮತದವರೂ ಕಾಣುತ್ತಾರೆ. ಕಾರಣವನ್ನು ಅವರ ವಾದಗಳಲ್ಲಿ ಹುಡುಕಬಾರದು, ಅವರ ಸ್ಮರಣೆಯ ರೀತಿಯಲ್ಲಿ ಹುಡುಕಬೇಕು. ಜಿಲ್‌ಕಾದ್ ತಿಂಗಳಲ್ಲಿ ಗಂಧ, ಉರುಸು, ಚಿರಾಗ ಎಂದು ಉತ್ಸವ ನಡೆಯುತ್ತದೆ. ಉರುಸು ಎಂದರೆ ಮದುವೆ. ಸಂತನ ಮರಣವು ಪರಮಾತ್ಮನೊಡನೆ ಅವನ ವಿವಾಹವೆಂಬುದು ಸೂಫಿಗಳ ಭಾವನೆ. ತುರ್ಕಿಯ ಕೊನ್ಯಾ ನಗರದಲ್ಲಿ ಮೌಲಾನಾ ಜಲಾಲುದ್ದೀನ್ ರೂಮಿ 1273ರ ಡಿಸೆಂಬರ್ 17ರಂದು ನಿಧನರಾದರು. ಅವರ ಅಂತ್ಯಯಾತ್ರೆಯಲ್ಲಿ ಕ್ರೈಸ್ತರೂ ಯಹೂದಿಗಳೂ ನಡೆದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆ ದಿನಕ್ಕೆ ತುರ್ಕಿಯರಿಟ್ಟ ಹೆಸರಿಗೂ ಮದುವೆಯ ರಾತ್ರಿ ಎಂದೇ ಅರ್ಥ. 1925ರಲ್ಲಿ ತುರ್ಕಿಯ ಹೊಸ ಗಣರಾಜ್ಯವು ದರವೇಶಿಗಳ ಮಠಗಳನ್ನೆಲ್ಲ ಮುಚ್ಚಿಸಿತು. 1927ರಲ್ಲಿ ರೂಮಿಯ ಸಮಾಧಿಸ್ಥಳ ವಸ್ತುಸಂಗ್ರಹಾಲಯವಾಯಿತು. ಆದರೂ ಜನರ ಸ್ಮರಣೆ ನಿಲ್ಲಲಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಜೈನರಿಗೆ ಕಷ್ಟವಾಗಬಾರದು. ಭಗವಾನ್ ಮಹಾವೀರರ ದೇಹಾವಸಾನದ ದಿನವನ್ನು ನಾವು ಶೋಕದ ದಿನವೆಂದು ಆಚರಿಸುವುದಿಲ್ಲ. ನಿರ್ವಾಣ ಲಾಡು ಅರ್ಪಿಸಿ, ದೀಪ ಹಚ್ಚುತ್ತೇವೆ. ತತ್ತ್ವದಲ್ಲಿ ಅಜಗಜಾಂತರವಿದೆ. ಸೂಫಿಗೆ ಅದು ಕರ್ತೃವಾದ ದೇವರೊಡನೆ ಮಿಲನ. ನಮಗೆ ಅದು ಕರ್ಮಕ್ಷಯದಿಂದ ಆತ್ಮನ ಸ್ವತಂತ್ರ ಸಿದ್ಧಿ, ಅಲ್ಲಿ ಎರಡನೆಯವನಿಗೆ ಸ್ಥಾನವೇ ಇಲ್ಲ. ಈ ಅಂತರವನ್ನು ಅಳಿಸಬೇಕಾಗಿಲ್ಲ. ಆದರೆ ಮರಣವನ್ನು ದೀಪದಿಂದ ನೆನೆಯುವ ಇಬ್ಬರು ನೆರೆಹೊರೆಯವರು ಪರಸ್ಪರ ಅಪರಿಚಿತರಾಗಿ ಉಳಿಯಬೇಕಾಗಿಯೂ ಇಲ್ಲ.

ಕಲಬುರಗಿಯಿಂದ ಬೀದರಿಗೆ ಹೋಗುವ ಇಂದಿನ ಹೆದ್ದಾರಿ ಮಹಾಗಾಂವ, ಕಮಲಾಪುರ, ಹುಮನಾಬಾದ್ ಮೂಲಕ ಸಾಗುತ್ತದೆ. ಕಮಲಾಪುರ ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾಗಿದೆ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಅಲ್ಲಿಂದ ಪೇಟೆಗೆ ಬಂದ ಹಣ್ಣು ಗುಡಿಗೆ ಹೋಗುವುದೋ ದರ್ಗಾಕ್ಕೆ ಹೋಗುವುದೋ ಎಂದು ಯಾವ ವ್ಯಾಪಾರಿಯೂ ಕೇಳುವುದಿಲ್ಲ. ತೂಕ ಸರಿಯಿದ್ದರೆ ಸಾಕು. ಈ ದಾರಿಯ ಎರಡು ತುದಿಗಳೂ ಬಹಮನಿಗಳ ರಾಜಧಾನಿಗಳಾಗಿದ್ದವು. ಅಹಮದ್ ಷಾಹನ ಆಳ್ವಿಕೆಯಲ್ಲಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋಯಿತು. 1436ರಲ್ಲಿ ಅವನು ತೀರಿಕೊಂಡನು. ಬೀದರಿನ ಹೊರವಲಯದ ಅಷ್ಟೂರಿನಲ್ಲಿ ಅವನ ಗೋರಿಯಿದೆ.

ಆ ಗೋರಿಯ ಒಳಗೋಡೆಗಳ ಬಣ್ಣದ ಬರಹಗಳಲ್ಲಿ ಕಿರ್ಮಾನಿನ ಸೂಫಿ ಷಾಹ್ ನಿಯಾಮತುಲ್ಲಾರ ಪದ್ಯಗಳಿವೆ. ಅದಕ್ಕಿಂತ ಅಚ್ಚರಿಯ ವಿಷಯ ಅಲ್ಲಿಯ ಉರುಸು. ಅದು ಹಿಜರಿ ತಿಂಗಳನ್ನು ಅನುಸರಿಸದೆ ಹೋಳಿಹುಣ್ಣಿಮೆಯ ಬಳಿಕ ನಮ್ಮ ಪಂಚಾಂಗದಂತೆ ಬರುತ್ತದೆ. ಅದರ ಮುಖ್ಯ ಗೌರವ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರದು. ಅವರು ತಮ್ಮ ಶಿಷ್ಯರೊಡನೆ ಕಾಲ್ನಡಿಗೆಯಲ್ಲಿ ಬಂದು, ಗೋರಿಯ ಬಳಿ ಕಾಯಿ ಒಡೆದು, ಹೂ ಅರ್ಪಿಸುವ ಪದ್ಧತಿಯನ್ನು ಇತಿಹಾಸಕಾರ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಬೀದರ್ ಕುರಿತ ಗ್ರಂಥದಲ್ಲಿ ವಿವರಿಸಿದ್ದಾರೆ. ಮುಸಲ್ಮಾನರಿಗೆ ಆತ ವಲಿ ಅಹಮದ್ ಷಾಹ್. ಲಿಂಗಾಯತ ಭಕ್ತರಿಗೆ ಆತನಲ್ಲಿ ಕಾಣುವುದು ಅಲ್ಲಮಪ್ರಭು. ಒಂದೇ ಗೋರಿ, ಎರಡು ಹೆಸರು. ಒಬ್ಬರು ಇನ್ನೊಬ್ಬರ ಹೆಸರನ್ನು ಅಳಿಸಲು ಹೋಗಲಿಲ್ಲ. ಅನೇಕಾಂತವನ್ನು ಗ್ರಂಥದಲ್ಲಿ ಓದುವ ನಾವು ಅದನ್ನು ನಡಿಗೆಯಲ್ಲಿ ನೋಡಬೇಕಾದರೆ ಅಷ್ಟೂರಿನ ಜಾತ್ರೆಗೆ ಹೋಗಬೇಕು.

ಇದೇ ಬೀದರಿನಲ್ಲಿ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದ ಮಹಮೂದ್ ಗವಾನನು ಪ್ರಧಾನಿಯಾದನು. ಅವನ ಪತ್ರಸಂಗ್ರಹದಲ್ಲಿ ತುರ್ಕಿಯ ಆಟೋಮನ್ ಸುಲ್ತಾನ ಎರಡನೆಯ ಮೆಹಮದನಿಗೆ ಬರೆದ ಪತ್ರಗಳೂ ಇವೆ. ಕಾನ್‌ಸ್ಟಾಂಟಿನೋಪಲನ್ನು ಗೆದ್ದ ಆ ದೊರೆಗೂ ನಮ್ಮ ಬೀದರಿಗೂ ಹೀಗೆ ಪತ್ರವ್ಯವಹಾರವಿತ್ತು. 1472ರಲ್ಲಿ ಗವಾನನು ಬೀದರಿನ ಮದರಸವನ್ನು ಕಟ್ಟಿಸಿದನು. 1481ರಲ್ಲಿ ಅವನ ಮೊಹರು ಒತ್ತಿದ ಒಂದು ಖೊಟ್ಟಿ ಪತ್ರವನ್ನು ವೈರಿಗಳು ಸುಲ್ತಾನನಿಗೆ ತೋರಿಸಿದರು. ವಿಚಾರಣೆಯಿಲ್ಲದೆ ಮುದುಕನ ತಲೆ ಹೋಯಿತು. ಅವನ ಬೊಕ್ಕಸವನ್ನು ಶೋಧಿಸಿದಾಗ ಸಂಪತ್ತು ಸಿಗಲಿಲ್ಲವೆಂದೂ, ಅವನು ತನ್ನ ಸ್ವಂತ ಖರ್ಚನ್ನು ವ್ಯಾಪಾರದ ಮೂಲಧನದ ಲಾಭದಿಂದಲೇ ನಡೆಸಿ ಉಳಿದುದನ್ನು ಬಡವರಿಗೆ ಹಂಚುತ್ತಿದ್ದನೆಂದೂ ಫೆರಿಷ್ತಾ ಬರೆದಿದ್ದಾನೆ. ಮೊಹರನ್ನು ನೋಡಿದ ದೊರೆ ಬರಹವನ್ನು ಪರೀಕ್ಷಿಸಲಿಲ್ಲ. ನೆರೆಯವರ ವಿಷಯದಲ್ಲಿ ನಮ್ಮ ಕಿವಿಗೆ ಬೀಳುವ ಮಾತುಗಳಿಗೂ ಈ ಪಾಠ ಅನ್ವಯಿಸುತ್ತದೆ. ಕಿರ್ದಿಯ ಒಂದು ಕಲಮನ್ನು ಸಹ ಚೀಟಿಯಿಲ್ಲದೆ ಒಪ್ಪದ ವರ್ತಕರು, ಒಂದು ಸಮುದಾಯದ ಮೇಲಿನ ಆರೋಪವನ್ನು ಯಾವ ಚೀಟಿಯೂ ಇಲ್ಲದೆ ಖಾತೆಗೆ ಹಾಕುವುದು ಹೇಗೆ ನ್ಯಾಯ?

ಇನ್ನು ಕಹಿಯಾದ ಅಧ್ಯಾಯ. 1931ರಲ್ಲಿ ತುರ್ಕಿಯ ಕೊನೆಯ ಖಲೀಫ ಎರಡನೆಯ ಅಬ್ದುಲ್ ಮಜೀದರ ಮಗಳು ದುರ್ರುಶೆಹ್ವಾರ್ ನಿಜಾಮರ ಹಿರಿಯ ಮಗನ ಪತ್ನಿಯಾದಾಗ ಕಲಬುರಗಿ ನಿಜಾಮ ಸಂಸ್ಥಾನದ ಒಂದು ಭಾಗ. ಹದಿನೇಳು ವರ್ಷಗಳಲ್ಲಿ ಆ ಸಂಸ್ಥಾನವೇ ಇಲ್ಲವಾಯಿತು. ಅದರ ಕೊನೆಯ ದಿನಗಳಲ್ಲಿ ರಜಾಕಾರರ ದೌರ್ಜನ್ಯವನ್ನು ಈ ಸೀಮೆಯ ಹಳ್ಳಿಗಳು ಉಂಡವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಅದರ ಅತಿ ಕ್ರೂರ ಉದಾಹರಣೆ. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನಾ ಕಾರ್ಯಾಚರಣೆ ನಡೆದು ಸಂಸ್ಥಾನ ವಿಮೋಚನೆಗೊಂಡಿತು. ಅದರ ಸಂದರ್ಭದಲ್ಲಿಯೂ ಬಳಿಕವೂ ಮುಸಲ್ಮಾನ ಪ್ರಜೆಗಳ ಮೇಲೆ ಸೇಡಿನ ಹಿಂಸೆ ನಡೆಯಿತು. ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯು ಇಡೀ ಸಂಸ್ಥಾನದಲ್ಲಿ ಸತ್ತವರನ್ನು 27,000ದಿಂದ 40,000ವರೆಗೆ ಅಂದಾಜಿಸಿತು. ಅತಿ ಹೆಚ್ಚು ಪೀಡಿತವಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಸೇರಿದ್ದವು. ಆ ವರದಿ ದಶಕಗಳ ಕಾಲ ಕಪಾಟಿನಲ್ಲಿಯೇ ಉಳಿಯಿತು.

ಗೋರ್ಟಾದ ಹುತಾತ್ಮರಿಗೆ ಸ್ಮಾರಕವಾಗಿದೆ. ಸೆಪ್ಟೆಂಬರ್ 17 ನಮ್ಮ ಭಾಗಕ್ಕೆ ಉತ್ಸವದ ದಿನವಾಗಿದೆ. ಅದು ಯೋಗ್ಯವೇ ಸರಿ. ಮತ್ತೊಂದು ದುಃಖ ಮನೆಗಳ ಒಳಗೇ ಉಳಿದಿದೆ. ಒಂದು ಪಕ್ಷದ ಸಾವನ್ನು ಮಾತ್ರ ಬರೆದುಕೊಂಡ ಲೆಕ್ಕ ಎಂದಿಗೂ ತಾಳೆಯಾಗುವುದಿಲ್ಲ. ಇದರರ್ಥ ಎರಡನ್ನೂ ಒಂದಕ್ಕೊಂದು ವಜಾ ಮಾಡಿ ಬಾಕಿ ಶೂನ್ಯವೆಂದು ತೋರಿಸಬೇಕೆಂದಲ್ಲ. ಹಿಂಸೆಯ ಲೆಕ್ಕದಲ್ಲಿ ವಜಾ ಎಂಬುದೇ ಇಲ್ಲ. ಪ್ರತಿಯೊಂದು ಪ್ರಾಣವೂ ಬೇರೆ ಬೇರೆ ಖಾತೆ. ಅದೇ ಸಮಿತಿ ಇನ್ನೊಂದನ್ನೂ ಬರೆದಿದೆ. ಹಿಂದೂಗಳು ತಮ್ಮ ಪ್ರಾಣವನ್ನೇ ಪಣವಾಗಿಟ್ಟು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಪ್ರಸಂಗಗಳಿದ್ದವು. ಈ ಬಂಧುಭಾವ ಒಂದೇ ಕಸುಬಿನವರಲ್ಲಿ, ವಿಶೇಷವಾಗಿ ನೇಕಾರರಲ್ಲಿ, ಹೆಚ್ಚಾಗಿ ಕಂಡಿತು. ಮಗ್ಗದ ಬಳಿ ಬೆಳೆದ ಸ್ನೇಹ ಕತ್ತಿಯ ಮುಂದೆಯೂ ನಿಂತಿತು.

ತುರ್ಕಿ ವಲಸಿಗರ ಅನುಭವವೂ ಇದನ್ನೇ ಹೇಳುತ್ತದೆ. 1961ರ ಒಪ್ಪಂದದ ಬಳಿಕ ಲಕ್ಷಾಂತರ ಜನ ತುರ್ಕಿಯಿಂದ ಜರ್ಮನಿಗೆ ಕೂಲಿಗಾಗಿ ಹೋದರು. ಅವರು ಕಟ್ಟಿಕೊಂಡ ಸಂಘಗಳು ಮೊದಲು ಚಹಾ, ನಮಾಜು, ತಾಯ್ನುಡಿಗಳಿಗಷ್ಟೇ ಸೀಮಿತವಾಗಿದ್ದವು. 1993ರ ಮೇ 29ರಂದು ಜೋಲಿಂಗೆನ್ ಎಂಬ ಊರಿನಲ್ಲಿ ಜನಾಂಗದ್ವೇಷಿಗಳು ಒಂದು ತುರ್ಕಿ ಕುಟುಂಬದ ಮನೆಗೆ ಬೆಂಕಿ ಇಟ್ಟರು. ಐವರು ಸ್ತ್ರೀಯರೂ ಬಾಲಕಿಯರೂ ಸತ್ತರು. ಇಬ್ಬರು ಹೆಣ್ಣುಮಕ್ಕಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಒಬ್ಬ ಸೋದರ ಸಂಬಂಧಿಯನ್ನೂ ಕಳೆದುಕೊಂಡ ಮೆವ್ಲೂದೆ ಗೆಂಚ್ ಎಂಬ ತಾಯಿ ಸೇಡಿನ ಮಾತನ್ನು ಆಡಲಿಲ್ಲ, ದ್ವೇಷ ಬೇಡವೆಂದರು. ಆ ಊರನ್ನು ಬಿಟ್ಟೂ ಹೋಗಲಿಲ್ಲ. 2022ರಲ್ಲಿ ಅವರು ತೀರಿಕೊಳ್ಳುವವರೆಗೂ ವರ್ಷವರ್ಷವೂ ಮಡಿದವರನ್ನು ಸ್ಮರಿಸುತ್ತಲೇ ಸೌಹಾರ್ದಕ್ಕಾಗಿ ದುಡಿದರು. ಅವರ ಹೆಸರಿನಲ್ಲಿ ಅಲ್ಲಿಯ ಪ್ರಾಂತ ಸರ್ಕಾರ 2018ರಲ್ಲಿ ಪದಕವನ್ನು ಸ್ಥಾಪಿಸಿತು. ಇದು ಕ್ಷಮೆ, ಮರೆವಲ್ಲ. ಮರೆತವನಿಗೆ ಕ್ಷಮಿಸುವ ಅವಕಾಶವೇ ಇಲ್ಲ.

1997ರಿಂದ ಜರ್ಮನಿಯ ಮಸೀದಿಗಳು ಪ್ರತಿವರ್ಷ ಅಕ್ಟೋಬರ್ 3ರಂದು ಎಲ್ಲರಿಗೂ ಬಾಗಿಲು ತೆರೆಯುತ್ತವೆ. ಅದು ಆ ದೇಶದ ಏಕತೆಯ ದಿನ. ಮೊಹರಂ ತಿಂಗಳಲ್ಲಿ ತುರ್ಕಿಯರು ಗೋಧಿ, ಕಾಳು, ಒಣಹಣ್ಣುಗಳನ್ನು ಬೇಯಿಸಿ ಆಶುರೆ ಎಂಬ ಸಿಹಿಯನ್ನು ಮಾಡಿ ನೆರೆಮನೆಗಳಿಗೆ ಹಂಚುತ್ತಾರೆ. ಪ್ರಳಯದ ನಂತರ ನೌಕೆಯಲ್ಲಿ ಉಳಿದಿದ್ದ ಚೂರುಪಾರು ಧಾನ್ಯಗಳನ್ನೆಲ್ಲ ಕೂಡಿಸಿ ಮಾಡಿದ ಅಡಿಗೆಯೆಂದು ಅದರ ಕಥೆ. ರಂಜಾನಿನಲ್ಲಿ ಇಫ್ತಾರಿಗೂ ಅನ್ಯಮತೀಯರನ್ನು ಕರೆಯುತ್ತಾರೆ.

ಇಲ್ಲಿ ಶ್ರಾವಕರಿಗೆ ಒಂದು ಪ್ರಶ್ನೆ ಏಳುತ್ತದೆ. ಇಫ್ತಾರು ಸೂರ್ಯಾಸ್ತದಲ್ಲಿ. ರಾತ್ರಿಭೋಜನ ತ್ಯಾಗವುಳ್ಳ ಜೈನನ ಊಟ ಮುಗಿಯುವುದೂ ಸೂರ್ಯಾಸ್ತಕ್ಕೇ. ಒಬ್ಬನ ಬಾಯಿ ತೆರೆಯುವ ಗಳಿಗೆಯಲ್ಲಿ ಮತ್ತೊಬ್ಬನದು ಮುಚ್ಚುತ್ತದೆ. ಹೋಗಲು ಬಾರದೆ? ಹೋಗಬಹುದು, ಉಣ್ಣದೆ ಕುಳಿತುಕೊಳ್ಳಬಹುದು. ದಿನವಿಡೀ ಉಪವಾಸವಿದ್ದವನಿಗೆ ವ್ರತದ ಬೆಲೆ ತಿಳಿದಿರುತ್ತದೆ. ವ್ರತವನ್ನು ಮುರಿದು ಸ್ನೇಹ ತೋರಿಸುವುದಕ್ಕಿಂತ ವ್ರತವನ್ನು ಕಾಯ್ದುಕೊಂಡೇ ಪಂಕ್ತಿಯಲ್ಲಿ ಕುಳಿತವನ ಸ್ನೇಹ ಗಟ್ಟಿ. ಪರಮತಕ್ಕೆ ಗೌರವ ಕೊಡಲು ಸ್ವಮತವನ್ನು ಸಡಿಲಿಸಬೇಕೆಂಬುದು ತಪ್ಪು ತಿಳಿವಳಿಕೆ.

ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆ ಆಸ್ಥಾನದಲ್ಲಿ 850ರ ಸುಮಾರಿಗೆ ಹುಟ್ಟಿದ 'ಕವಿರಾಜಮಾರ್ಗ'ವು ಅನ್ಯರ ವಿಚಾರವನ್ನೂ ಧರ್ಮವನ್ನೂ ಸಹಿಸುವ ಶಕ್ತಿಯನ್ನೇ ಬಂಗಾರವೆಂದು ಕರೆದಿದೆ. ಬಂಗಾರದ ಬೆಲೆ ಬಲ್ಲ ಸಮಾಜಕ್ಕೆ ಬೇರೆ ಉಪಮೆ ಬೇಕಿಲ್ಲ. ಸಹಿಸುವುದೆಂದರೆ ಒಪ್ಪುವುದಲ್ಲ, ಒಪ್ಪದೆಯೂ ಜೊತೆಯಲ್ಲಿ ಬಾಳುವುದು.

ಆದಕಾರಣ ವಿಶ್ವಸ್ಥ ಮಂಡಳಿಗಳ ಮುಂದೆ ಮೂರು ವಿನಂತಿಗಳು. ಮೊದಲನೆಯದು, ತಮ್ಮ ಊರಿನ ಹಿರಿಯರಲ್ಲಿ 1948ರ ನೆನಪುಳ್ಳವರು ಇನ್ನು ಕೆಲವರೇ ಉಳಿದಿದ್ದಾರೆ. ಯಾರು ಯಾರನ್ನು ಕೊಂದರೆಂಬುದಷ್ಟನ್ನೇ ಅಲ್ಲ, ಯಾರು ಯಾರನ್ನು ಅಡಗಿಸಿ ಉಳಿಸಿದರೆಂಬುದನ್ನೂ ಕೇಳಿ ಬರೆದಿಡಬೇಕು. ಎರಡನೆಯದು, ಮಹಾವೀರ ಜಯಂತಿಯ ದಿನ ವೇದಿಕೆಯ ಭಾಷಣಕ್ಕೆ ಅನ್ಯಮತದ ಗಣ್ಯರನ್ನು ಕರೆದು ಹಾರ ಹಾಕಿದರೆ ಸಾಲದು. ಓಣಿಯ ಸಾಮಾನ್ಯ ನೆರೆಯವರಿಗೆ ಬಸದಿಯನ್ನು ತೋರಿಸಿ, ಅವರ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವ ಒಂದು ದಿನ ಬೇಕು. ಮೂರನೆಯದು ಕ್ಷಮಾವಣಿಯ ಕುರಿತು. ದಶಲಕ್ಷಣ ಪರ್ವದ ಬಳಿಕ ನಾವು ಸಕಲ ಜೀವರಾಶಿಯ ಕ್ಷಮೆಯನ್ನು ಬೇಡುತ್ತೇವೆ. ಆದರೆ ಕ್ಷಮಾವಣಿಯ ಪತ್ರಗಳು ಹೋಗುವುದು ಬಹುತೇಕ ಬೀಗರಿಗೆ, ಬಂಧುಗಳಿಗೆ, ಸಾಧರ್ಮಿಗಳಿಗೆ. ಸಕಲ ಜೀವರಾಶಿಯಲ್ಲಿ ಎದುರು ಅಂಗಡಿಯವನೂ ಸೇರಿದ್ದಾನೆ. ಈ ವರ್ಷ ಪ್ರತಿ ಮನೆಯಿಂದ ಒಂದು ಪತ್ರವಾದರೂ ಬೇರೆ ಮತದ ಒಂದು ಮನೆಗೆ ಹೋಗಲಿ. ಬುಕ್ಕರಾಯನ ಕಾಲದಲ್ಲಿ ಮನೆಗೊಂದು ಹಣ ಕೊಟ್ಟವರ ಸಂತತಿಗೆ ಮನೆಗೊಂದು ಪತ್ರ ಭಾರವಾಗಲಾರದು.